ಅಂಗಡಿ ಮುಂದೆ ಕೂರಿಸಿದ ಶಿಲ್ಪಿ

ಮೊನ್ನೆ ಅರಸೀಕೆರೆಯ ಮೆಡಿಕಲ್ ಶಾಪಿನಲ್ಲಿ ಮೊಮ್ಮಗಳು ಸನ್‌ಸ್ಕ್ರೀನ್ ಕ್ರೀಮಿನ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. ಆ ವಾಸನೆ ನನಗೆ ಗೊತ್ತು. ತೊಂಬತ್ತರ ದಶಕದಲ್ಲಿ ಹಳೇಬೀಡಿನ ನನ್ನ ಕಲ್ಲಿನ ಬೊಂಬೆಗಳ ಅಂಗಡಿಗೆ ಬರುತ್ತಿದ್ದ ವಿದೇಶಿಯರ ಮೈಯಿಂದ ಬರುತ್ತಿದ್ದುದು ಅದೇ. ಅದರ ಹಿಂದೆಯೇ ನೆನಪಾದವನು, ನನಗೆ ಬೊಂಬೆ ಕೆತ್ತಿಕೊಡುತ್ತಿದ್ದ ಹುಲಿಕೆರೆಯ ಶಿಲ್ಪಿ...

ಅವನಿಗೆ ಆಗ ಇಪ್ಪತ್ತೆರಡಿರಬೇಕು. ಮುಖ, ಕೈ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಬೆಳಕಿಗೆ ಬಂದರೆ ಕಣ್ಣಲ್ಲಿ ನೀರು. ತಂದೆ ತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರು. ಕಾಯಿಲೆ ಹುಟ್ಟಿನಿಂದಲೇ ಬಂದದ್ದು, ಬಲು ಅಪರೂಪದ್ದು. ಅಕ್ಕನಿಗೂ ಅದೇ ಇತ್ತು. ಹದಿನಾರಕ್ಕೇ ಚರ್ಮದ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಳು. ಇವನ ಮೈಗೂ ಹಗಲು ಬೆಳಕು ಸೋಕಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿ, ಬಲ್ಬಿನ ಕೆಳಗೆ ಕೆತ್ತುತ್ತಿದ್ದ.

ನನ್ನ ಲೆಕ್ಕ ಬೇರೆ. ಕಣ್ಣೆದುರು ಉಳಿ ಆಡುವುದು ಕಂಡರೆ ಗಿರಾಕಿ ಬೆಲೆ ಎಳೆದಾಡುವುದಿಲ್ಲ. ಅಂಗಡಿ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿಸಿ ಅವನನ್ನು ಕರೆದೆ.

"ಎಳೆ ಬಿಸ್ಲೂ ಬ್ಯಾಡ ಅಂದವ್ರೆ ಕಣಣ್ಣ," ಅಂದ.

"ಡಾಕ್ಟ್ರು ಹತ್ತು ಅಂದ್ರೆ ನಾವು ಐದು ಹಿಡೀಬೇಕು ಕಣ್ಲಾ. ನೆರಳೈತಲ್ಲ. ಮದ್ಯಾನ ಒಳಕ್ಕೋಗು."

ಹಗಲಿನ ಜನರನ್ನು ನೋಡುವ ಆಸೆ ಅವನಿಗೂ ಇತ್ತು. ಬಂದ.

ಬಿಸಿಲೆಂದರೆ ಶಾಖ ಅಂತಲೇ ನಾನು ತಿಳಿದಿದ್ದೆ. ಗರಿಯ ಸಂದಿಯಿಂದ, ಎದುರಿನ ಅಂಗಳದಿಂದ ಬರುವ ಬೆಳಕೂ ಅವನಿಗೆ ವಿಷ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಒಬ್ಬ ವಿದೇಶಿ ಹೆಂಗಸು ತನ್ನ ಕ್ರೀಮನ್ನೇ ಅವನ ಕೈಗಿಟ್ಟು, ಒಳಗೆ ಹೋಗೆಂದು ಸನ್ನೆ ಮಾಡಿದಳು. "ಅವೆಲ್ಲ ಬಿಳೀ ತೊಗಲಿನೋರ್ಗೆ," ಅಂದು ನಕ್ಕೆ.

ಎರಡು ವರ್ಷ ಒಳ್ಳೆಯ ವ್ಯಾಪಾರವಾಯಿತು... ಆಮೇಲೆ ಅವನ ಮೂಗಿನ ಪಕ್ಕ ಸಣ್ಣ ಗಾಯವೆದ್ದಿತು. ಕಲ್ಲಿನ ಚೂರು ಸಿಡಿದದ್ದು, ಅರಿಶಿನ ಹಚ್ಚು ಅಂದವನೂ ನಾನೇ. ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕ್ಯಾನ್ಸರು ಕಣ್ಣಿನವರೆಗೆ ಹಬ್ಬಿತ್ತು. ಅರ್ಧ ಮೂಗು ತೆಗೆದರು.

ನೋಡಲು ಹೋದಾಗ ಬ್ಯಾಂಡೇಜಿನೊಳಗಿಂದಲೇ ಅಂದ, "ಈಗ ಕೂರ್ಸಣ್ಣ ಅಂಗ್ಡಿ ಮುಂದೆ. ಬಸ್ಸಿಗ್ ಬಸ್ಸೇ ನಿಂತು ನೋಡ್ತದೆ."

ಮುಂದಿನ ಯುಗಾದಿಗೆ ಅವನಿರಲಿಲ್ಲ.

ಅಂಗಡಿ ಮಾರಿ ಎಷ್ಟೋ ವರ್ಷವಾಯಿತು. ಅಂಥ ಚುಕ್ಕೆಯ, ಬೆಳಕಿಗೆ ಕಣ್ಣು ಬಿಡಲಾರದ ಮಗುವನ್ನು ಕಂಡರೆ ಈಗ ಹೆತ್ತವರನ್ನು ತಡೆದು ಹೇಳುತ್ತೇನೆ: ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ್ದರಲ್ಲಿ ಒಂದು ಗಳಿಗೆಯನ್ನೂ ಚೌಕಾಸಿ ಮಾಡಬೇಡಿ. ಹುಲಿಕೆರೆಗೆ ಹೋದಾಗ ಅವನ ತಾಯಿ ಈಗಲೂ ನನಗೆ ಮಣೆ ಹಾಕಿ, ನೆರೆಯವರನ್ನು ಕರೆದು ತೋರಿಸುತ್ತಾರೆ. "ನನ್ ಮಗನ್ನ ಕತ್ಲೆ ಕೋಣೆಯಿಂದ ಈಚೆಗೆ ತಂದೋರು ಇವ್ರೇಯ."

ಹೌದು ಅನ್ನುವಂತೆ ತಲೆಯಾಡಿಸಿ ಬರುತ್ತೇನೆ.