ಅತ್ತಿಗೆಯ ಚಿಟಿಕೆ

ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷಗಳಿಂದ ನೊಣ ಕಟ್ಟುತ್ತಿದ್ದಾರೆ. ಹೀಗೆಂದರೆ ಜನ ನಗುತ್ತಾರೆ. ಆದ್ದರಿಂದ ಮೊದಲೇ ವಿವರಿಸುತ್ತೇನೆ. ಗಾಳ ಹಾಕುವವರಲ್ಲಿ ಕೆಲವರು ಎರೆಹುಳು ಚುಚ್ಚುವುದಿಲ್ಲ. ಗಾಳದ ಕೊಕ್ಕೆಗೆ ಪ್ರಾಣಿಗಳ ಕೂದಲನ್ನು ದಾರದಿಂದ ಬಿಗಿದು ಮಾಡಿದ ಹುಸಿನೊಣವನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಅಂಥ ನೊಣಗಳನ್ನು ಮಾಡುವ ಕಾರ್ಖಾನೆಯಲ್ಲಿ ನಾವು ಹನ್ನೊಂದು ಹೆಂಗಸರಿದ್ದೇವೆ. ಕಿಟಕಿಯ ಪಕ್ಕದ ಮೇಜು ಅತ್ತಿಗೆಯದು. ಯಾವ ನೊಣಕ್ಕೆ ಏನು, ಎಷ್ಟು ಬೇಕೆಂದು ಮಾದರಿ ಪುಸ್ತಕದಲ್ಲಿ ಬರೆಯುವ ಕೆಲಸ ನನ್ನದು.

ಅಣ್ಣನದು ಕ್ಷೌರದ ಅಂಗಡಿ. ಗಿರಾಕಿಗಳಿಲ್ಲದ ದಿನ, "ಅವಳು ಅಲ್ಲಿ ನೊಣ ಕಟ್ತಾಳೆ, ನಾನು ಇಲ್ಲಿ ನೊಣ ಹೊಡೀತೀನಿ" ಎನ್ನುತ್ತಾನೆ. ಅತ್ತಿಗೆಯೂ ಬಿಡುವವರಲ್ಲ. "ಬರೀ ಗಾಳಿಗೆ ಕತ್ತರಿ ಆಡಿಸೋರಿಗೆ ಮಾತು ಜಾಸ್ತಿ." ಎದುರು ಮನೆಯ ನಾಯಿ ಅತ್ತಿಗೆಯನ್ನು ಕಂಡರೆ ಬಾಲ ಮಡಚಿಕೊಂಡು ಒಳಗೆ ಓಡುತ್ತದೆ. ಅದರ ಭಯ ಅಕಾರಣವಲ್ಲ.

ಅಳಿಲಿನ ಬಾಲ, ಮೊಲದ ಕಿವಿ, ಮೇಕೆಯ ಗಡ್ಡ ಎಲ್ಲಕ್ಕೂ ಅವರ ಬಳಿ ಉಪಯೋಗವಿದೆ. ಆದರೆ ತೇಲುವ ನೊಣಕ್ಕೆ ಜಿಂಕೆಯ ಕೂದಲೇ ಬೇಕು, ಏಕೆಂದರೆ ಅದು ಒಳಗೆ ಪೊಳ್ಳು. ಸಾಕಿದ ಜಿಂಕೆಗಳ ಚರ್ಮದ ತುಂಡುಗಳು ಕಾರ್ಖಾನೆಗೆ ಬರುತ್ತವೆ. ಅತ್ತಿಗೆ ಒಂದು ಚಿಟಿಕೆ ಕೂದಲು ಹಿಡಿದು ಕತ್ತರಿಸಿ, ಬುಡದ ತುಪ್ಪುಳನ್ನು ಬಾಚಿ ತೆಗೆಯುತ್ತಾರೆ. ಖಾಲಿಯಾದ ಲಿಪ್‌ಸ್ಟಿಕ್ ಕೊಳವೆಯೊಳಗೆ ಅದನ್ನು ತುದಿ ಕೆಳಗಾಗಿ ಇಳಿಬಿಟ್ಟು ಮೇಜಿಗೆ ಮೂರು ಸಲ ಕುಟ್ಟುತ್ತಾರೆ. ತುದಿಗಳೆಲ್ಲ ಸಮವಾಗುತ್ತವೆ. ಆ ಕೂದಲನ್ನು ಕೊಕ್ಕೆಯ ಮೇಲಿಟ್ಟು ದಾರ ಬಿಗಿದರೆ ಪುಟ್ಟ ಕೊಡೆಯಂತೆ ಅರಳುತ್ತದೆ. ಕೂದಲು ಕಡಿಮೆಯಾದರೆ ನೊಣ ಮುಳುಗುತ್ತದೆ; ಹೆಚ್ಚಾದರೆ ತಲೆ ದಪ್ಪವಾಗಿ, ಗಾಳದ ದಾರ ಪೋಣಿಸುವ ಕೊಕ್ಕೆಯ ಕಣ್ಣೇ ಮುಚ್ಚಿಹೋಗುತ್ತದೆ.

ಎಷ್ಟು ಕೂದಲು ಎಂಬುದಕ್ಕೆ ನಮ್ಮ ಪುಸ್ತಕದಲ್ಲಿ ಇದ್ದ ಅಳತೆ ಒಂದೇ: 'ಒಂದು ಚಿಟಿಕೆ'. ಯಾರ ಚಿಟಿಕೆ ಎಂದು ಬರೆದಿರಲಿಲ್ಲ. ಅದು ಅತ್ತಿಗೆಯದೆಂದು ಎಲ್ಲರಿಗೂ ಗೊತ್ತಿತ್ತು. "ನನ್ನ ಚಿಟಿಕೇಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲ್ಲ" ಎಂಬುದು ಅವರ ಹೆಮ್ಮೆ.

ಹೋದ ವರ್ಷ ಯಜಮಾನರ ಅಳಿಯ ಮೇಲ್ವಿಚಾರಣೆಗೆ ಬಂದರು. ಹೊಸಬರು ಕಟ್ಟಿದ ನೊಣಗಳು ಒಂದೊಂದು ಒಂದೊಂದು ಥರ ತೇಲುತ್ತಿದ್ದವು. ಅಳಿಯಂದಿರು ಅಕ್ಕಸಾಲಿಗರ ತಕ್ಕಡಿಯೊಂದನ್ನು ತಂದು ಅತ್ತಿಗೆಯ ಮೇಜಿನ ಮೇಲಿಟ್ಟರು.

"ಅಕ್ಕಾ, ನಿಮ್ಮ ಚಿಟಿಕೆ ತೂಗಿಬಿಡೋಣ. ಆಮೇಲೆ ಎಲ್ಲರಿಗೂ ಅದೇ ತೂಕ."

"ಇದೇನು ಸ್ವಾಮಿ, ನನಗೇನಾದರೂ ಸರ ಮಾಡಿಸ್ತಿದ್ದೀರಾ?"

"ಪುಸ್ತಕದಲ್ಲಿ ಬರೆಯೋಕೆ ಒಂದು ಅಂಕಿ ಬೇಕಲ್ಲ ಅಕ್ಕಾ."

"ತೂಗಿ. ಎರಡು ಸಲ ಬೇರೆ ಬೇರೆ ಬಂದರೆ ನಾನು ಈ ಮೇಜು ಬಿಟ್ಟು ಡಬ್ಬಿ ತುಂಬೋಕೆ ಕೂರ್ತೀನಿ."

ಹತ್ತು ಚಿಟಿಕೆ ತೂಗಿದೆವು. ಹತ್ತರಲ್ಲಿ ಎರಡು ಕೂಡ ಒಂದೇ ಆಗಿರಲಿಲ್ಲ. ಒಂದಂತೂ ಇನ್ನೊಂದರ ಅರ್ಧವಿತ್ತು. ಅಳಿಯಂದಿರು ಒಳ್ಳೆಯವರು, ನಗಲಿಲ್ಲ. ಸರಾಸರಿ ತೆಗೆದು ನನ್ನಿಂದ ಪುಸ್ತಕದಲ್ಲಿ ಬರೆಸಿದರು. ಅತ್ತಿಗೆ ತಮ್ಮ ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಡಬ್ಬಿಗಳ ಮೇಜಿಗೆ ಹೋಗಿ ಕುಳಿತರು. ಕೊಟ್ಟ ಮಾತನ್ನು ನುಂಗುವ ಅಭ್ಯಾಸ ಅವರಿಗಿಲ್ಲ.

ಸಂಜೆ ಅಣ್ಣನ ಅಂಗಡಿಗೆ ಹೋದೆವು. ಅತ್ತಿಗೆ ಗಿರಾಕಿಯ ಕುರ್ಚಿಯಲ್ಲಿ ಕುಳಿತು, ಕನ್ನಡಿಯಲ್ಲಿ ಕಾಣುವ ಗಂಡನಿಗೆ ಎಲ್ಲವನ್ನೂ ಹೇಳಿದರು.

"ಇಪ್ಪತ್ತೊಂದು ವರ್ಷ ಸುಳ್ಳು ಹೇಳ್ಕೊಂಡು ಬಂದೆ ಕಣ್ರೀ."

ಅಣ್ಣ ಬಾಚಣಿಗೆ ಒರೆಸುತ್ತಿದ್ದ. "ಎಲ್ಲಾ ಕೂದಲೂ ಒಂದೇ ಚರ್ಮದ್ದಾ?"

"ಇಲ್ಲ, ಮೂರು ತುಂಡಿತ್ತು. ಬೆನ್ನಿಂದು ಒರಟು, ಪಕ್ಕೇದು ಸಣ್ಣ."

"ಮತ್ತೆ? ನನ್ನ ಹತ್ರ ಬರೋ ಪೊರಕೆ ತಲೆಗೂ ರೇಷ್ಮೆ ತಲೆಗೂ ನಾನು ಒಂದೇ ಹಿಡಿ ಹಿಡಿದು ಕತ್ತರಿಸಿದರೆ, ಇರೋ ನಾಲ್ಕು ಗಿರಾಕಿಗಳೂ ಓಡಿಹೋಗ್ತಾರೆ. ಕೂದಲು ನೋಡಿ ಕೈ ತಾನೇ ಬದಲಾಗುತ್ತೆ. ನಿನ್ನ ಕೈಗೆ ಅದು ಗೊತ್ತು, ನಿನಗೇ ಗೊತ್ತಿಲ್ಲ."

ಅತ್ತಿಗೆ ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜಿ ನೋಡಿಕೊಂಡರು. ಬಳಿಕ ಎದ್ದು, "ಈ ಬುದ್ಧಿ ಮದುವೆಯಾದ ಹೊಸದರಲ್ಲಿ ಎಲ್ಲಿತ್ತು?" ಎಂದರು.

ಮರುದಿನ ಬೆಳಿಗ್ಗೆ ಅವರು ಅಳಿಯಂದಿರ ಮುಂದೆ ನಿಂತು ಹೇಳಿದರು: "ನಿನ್ನೆ ನಾನು ಆಡಿದ್ದು ತಪ್ಪು, ಒಪ್ಕೋತೀನಿ. ನನ್ನ ಚಿಟಿಕೆ ಒಂದೇ ಸಮ ಇಲ್ಲ. ನನ್ನ ನೊಣ ಒಂದೇ ಸಮ ಇದೆಯಾ ನೋಡಿ. ಇಲ್ಲದಿದ್ದರೆ ಡಬ್ಬಿ ಮೇಜು ಇದ್ದೇ ಇದೆ."

ಅದೇ ಮೂರು ತುಂಡು ಚರ್ಮದಿಂದ, ಪುಸ್ತಕದ ಸರಾಸರಿಯಂತೆ ತೂಗಿದ ಕೂದಲಿನಲ್ಲಿ ಒಂದು ಡಜನ್, ತೂಗದ ಕೂದಲಿನಲ್ಲಿ ಒಂದು ಡಜನ್, ಎರಡನ್ನೂ ಅವರೇ ಕಟ್ಟಿದರು. ಎರಡು ಬೋಗುಣಿಗಳಲ್ಲಿ ನೀರು ತುಂಬಿ ನೊಣಗಳನ್ನು ಬಿಟ್ಟೆವು. ತೂಗಿದ್ದರಲ್ಲಿ ನಾಲ್ಕು ಮುಳುಗಿದವು, ಮೂರರ ಕಣ್ಣು ಮುಚ್ಚಿತ್ತು. ತೂಗದ್ದರಲ್ಲಿ ಹನ್ನೊಂದು ನೆಟ್ಟಗೆ ತೇಲಿದವು, ಒಂದು ಮಾತ್ರ ಪಕ್ಕಕ್ಕೆ ವಾಲಿತು.

"ಅದ್ಯಾಕೆ ಅಕ್ಕಾ ವಾಲ್ತು?" ಎಂದರು ಅಳಿಯಂದಿರು.

"ಅದನ್ನ ಕಟ್ಟುವಾಗ ನಿಮ್ಮ ಮುಖ ನೋಡಿಬಿಟ್ಟೆ."

ಅಳಿಯಂದಿರೇ ಮೊದಲು ನಕ್ಕರು. ಆಮೇಲೆ ಅತ್ತಿಗೆಯ ಕತ್ತರಿಯನ್ನು ತಾವೇ ಒಯ್ದು ಕಿಟಕಿಯ ಮೇಜಿನ ಮೇಲಿಟ್ಟರು. ತಕ್ಕಡಿ ಅಂಚೆಗೆ ಹೋಗುವ ಪೊಟ್ಟಣಗಳನ್ನು ತೂಗಲು ಕೆಳಗಿನ ಕೋಣೆಗೆ ಹೋಯಿತು.

ಈಗ ಹೊಸಬರು ಕೈ ಪಳಗುವವರೆಗೆ ಅತ್ತಿಗೆಯ ಪಕ್ಕದಲ್ಲೇ ಕೂರುತ್ತಾರೆ. ಮೊದಲ ವಾರ ಅವರಿಗೆ ಕೊಕ್ಕೆ ಕೊಡುವುದಿಲ್ಲ. ಕಣ್ಣು ಮುಚ್ಚಿ ಕೂದಲು ಮುಟ್ಟಿ, ಬೆನ್ನಿನದೋ ಪಕ್ಕೆಯದೋ ಹೇಳಬೇಕು. ಪುಸ್ತಕದಲ್ಲಿ ಅಂಕಿಯನ್ನು ಹೊಡೆದುಹಾಕಿ, ಅತ್ತಿಗೆ ಹೇಳಿದಂತೆ ಬರೆದಿದ್ದೇನೆ: 'ಒಂದು ಚಿಟಿಕೆ, ಕೂದಲನ್ನು ಕೇಳಿ.' ಕೂದಲನ್ನು ಕೇಳುವುದೆಂದರೇನು, 'ನೋಡಿ' ಎಂದು ತಿದ್ದಲೇ ಎಂದೆ.

"ನೀನು ಓದಿದೋಳು, ವ್ಯಾಕರಣ ನಿಂದು. ಚಿಟಿಕೆ ನಂದು. ಹಾಗೇ ಇರ್ಲಿ ಬಿಡು."

ಹಾಗೆಯೇ ಬಿಟ್ಟಿದ್ದೇನೆ.