ಹಿಂದಿನ ಬೆಂಚಿನ ನಗು

ಗೋಡೆಯಾಚೆ ಕಾಣುವ ಕಣ್ಣು ಹಿಂದಿನ ಕಾಲದ ತಪಸ್ವಿಗಳಿಗೆ ಇದ್ದಿರಬಹುದು. ಮೊಬೈಲಿನ ಗಾಜಿನಾಚೆ ಕಾಣುವ ಕಣ್ಣು ದಕ್ಕಿದ್ದು ತ್ರಿಕೋನ ಮೇಷ್ಟ್ರಿಗೆ ಮಾತ್ರ. ಪ್ರೌಢಶಾಲೆಯ ಮಕ್ಕಳಿಗೆ ಆನ್‌ಲೈನಿನಲ್ಲಿ ರೇಖಾಗಣಿತ ಕಲಿಸುತ್ತಿದ್ದ ಇವರು, ಬೋರ್ಡಿನ ಮೇಲೆ ಗೆರೆ ಎಳೆಯುತ್ತ ಎಳೆಯುತ್ತ ಥಟ್ಟನೆ ತಿರುಗಿ, ಸೀಮೆಸುಣ್ಣವನ್ನು ಈಟಿಯಂತೆ ಚಾಚಿ, "ಹಿಂದಿನ ಬೆಂಚು, ನಗಬೇಡ" ಎಂದು ಗುಡುಗುತ್ತಿದ್ದರು. ಅವರೆದುರು ಬೆಂಚೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಆದರೆ ಎಲ್ಲೋ ಒಂದು ಹಾಸಿಗೆಯಲ್ಲಿ ಬೋರಲು ಬಿದ್ದುಕೊಂಡು, ಪಾಠದ ಪಕ್ಕದಲ್ಲೇ ಇನ್ನೇನನ್ನೋ ತೆರೆದು ಕಿಸಿಯುತ್ತಿದ್ದ ಹುಡುಗ ಹಾವು ತುಳಿದವನಂತೆ ಎದ್ದು ಕೂರುತ್ತಿದ್ದ.

ಕಥೆಗಳಿಗೆ ರೆಕ್ಕೆ ಬಂತು. ಒಬ್ಬಳು ಫೋನಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದರೂ ಮೇಷ್ಟ್ರು ಬಿಡಲಿಲ್ಲವಂತೆ. ಇನ್ನೊಬ್ಬ ಟವೆಲ್ ಹೊದಿಸಿದರೆ ಟವೆಲಿನೊಳಗಿಂದಲೇ ಗದರಿದರಂತೆ. ಅದು ಯಾವತ್ತೋ ರೆಕಾರ್ಡ್ ಮಾಡಿಟ್ಟ ಪಾಠ ಎಂದು ಬಲ್ಲ ಜಾಣರೂ, ಯಾವುದಕ್ಕೂ ಇರಲಿ ಎಂದು ಅಂಗಿಯ ಗುಂಡಿ ಹಾಕಿಕೊಂಡೇ ಕೂರುತ್ತಿದ್ದರು.

ನಿವೃತ್ತಿಯಾದ ಮೇಲೆ ಮೇಷ್ಟ್ರು ಮನೆಯ ಕಿಟಕಿ, ಕುರ್ಚಿ, ಚಪ್ಪಲಿ ಸ್ಟ್ಯಾಂಡುಗಳ ಕೋನ ಅಳೆದು ಹೆಂಡತಿಯ ತಲೆ ತಿನ್ನುತ್ತಿದ್ದರು. ಅವರನ್ನು ಈ ಕೆಲಸಕ್ಕೆ ನೂಕಿದ ಪುಣ್ಯಾತ್ಮಳು ಆ ಹೆಂಡತಿಯೇ. ಮಲಗುವ ಕೋಣೆಯ ಬೀರುವಿಗೆ ಬೋರ್ಡು ಒರಗಿಸಿ, ಪಾಠ ಚಿತ್ರೀಕರಿಸಿ ಕಳಿಸುತ್ತಿದ್ದರು.

ಈ ಮಹಿಮೆಗೆ ಕುತ್ತು ತಂದವಳು ಕೋರ್ಸಿನ ಮೇಲ್ವಿಚಾರಕಿ. ಕೆಟ್ಟವಳಲ್ಲ, ಅಚ್ಚುಕಟ್ಟಿನವಳು, ಅದೇ ದೋಷ. ಮೇಷ್ಟ್ರ ವಿಡಿಯೋ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಬೋರ್ಡಿನ ಅಂಚಿನಲ್ಲಿ ಹ್ಯಾಂಗರಿಗೆ ತೂಗುಬಿದ್ದ ಪ್ಯಾಂಟು ಕಾಲಾಡಿಸುತ್ತಿತ್ತು. ಬೆಳಕು ನಿಂತಲ್ಲಿ ನಿಲ್ಲದೆ, ತ್ರಿಕೋನಗಳು ಚಳಿಜ್ವರ ಹತ್ತಿದಂತೆ ನಡುಗುತ್ತಿದ್ದವು. ಮುಂದಿನ ಅಧ್ಯಾಯಗಳಿಗೆ ಅವಳು ಅವರನ್ನು ಸ್ಟುಡಿಯೋಗೇ ಕರೆಸಿಕೊಂಡಳು.

ಅಲ್ಲಿ ದೀಪಗಳು ಕಂಬಕ್ಕೆ ಬಿಗಿದುಕೊಂಡು ನಿಂತಿದ್ದವು. ಗೋಡೆಗೆಲ್ಲ ಸ್ಪಂಜು, ಕೆಮ್ಮಿದರೆ ದಂಡ ಬೀಳುತ್ತದೇನೋ ಎನ್ನುವಂಥ ನಿಶ್ಶಬ್ದ. ಮೇಷ್ಟ್ರು ಇಸ್ತ್ರಿಯ ಅಂಗಿ ತೊಟ್ಟು ಬಂದರು, ತ್ರಿಕೋನ ಎಳೆದರು, ಪ್ರಮೇಯ ಸಾಧಿಸಿದರು, ಹೊರಟುಹೋದರು. ಒಮ್ಮೆಯೂ ತಿರುಗಿ ಗುಡುಗಲಿಲ್ಲ. ಗೆರೆಗಳು ಅಲ್ಲಾಡದ್ದನ್ನು ಕಂಡು ಹಿಗ್ಗಿದ ಮೇಲ್ವಿಚಾರಕಿ ಅದನ್ನು ಗಮನಿಸಲೂ ಇಲ್ಲ.

ಮಕ್ಕಳು ಗಮನಿಸಿದರು. ಪಾಠವನ್ನು ಕೊನೆಯವರೆಗೆ ನೋಡುವವರ ಗ್ರಾಫು ಅವಳ ಪರದೆಯ ಮೇಲೆ ಜಾರುಬಂಡಿಯಾಯಿತು. ಮೇಷ್ಟ್ರಿಗೆ ಮೈ ಸರಿಯಿಲ್ಲವೇ, ಶಕ್ತಿ ಹೋಯಿತೇ, ಇವರು ಅಸಲಿ ಮೇಷ್ಟ್ರೇ ಹೌದೇ ಎಂದು ಪ್ರಶ್ನೆಗಳು ಬಂದವು. ಕಂಪನಿಯ ಯಜಮಾನರು ಅವಳನ್ನು ಕರೆದು, ಹೋದ ಮಕ್ಕಳು ತಿಂಗಳೊಳಗೆ ವಾಪಸು ಬರದಿದ್ದರೆ ಮೇಷ್ಟ್ರಿಗೆ ವಿಶ್ರಾಂತಿ ಕೊಟ್ಟು, ಆ ಜಾಗಕ್ಕೆ ಮಾತಾಡುವ ಕಾರ್ಟೂನ್ ಗೂಬೆಯನ್ನು ತರುವುದಾಗಿ ತಿಳಿಸಿದರು. ಗೂಬೆ ಆಗಲೇ ತಯಾರಾಗಿತ್ತು; ಅದಕ್ಕೆ ಕನ್ನಡಕವನ್ನೂ ಹಾಕಿಯಾಗಿತ್ತು.

ಮೇಲ್ವಿಚಾರಕಿ ನೇರ ತನ್ನ ಕಂಪ್ಯೂಟರಿಗೆ ಓಡಿದಳು. ಅಷ್ಟು ಚೆನ್ನಾಗಿ ಕಲಿಸುವ ಮನುಷ್ಯನನ್ನು ಕೈಯಾರೆ ಗೂಬೆಗೆ ಒಪ್ಪಿಸಿದ ಅಪಕೀರ್ತಿ ತನ್ನ ಕೊರಳಿಗೇ ಬೀಳುತ್ತದಲ್ಲ. ಹಳೆಯ ಪಾಠಗಳನ್ನು ಹಾಕಿ ನೋಡಿದಳು. ಆ ಗುಡುಗಿಗೆ ಅವಳೇ ನೆಟ್ಟಗೆ ಕೂತಳು. ಮಾರನೆಯ ದಿನ ಸ್ಟುಡಿಯೋದಲ್ಲಿ ಮೇಷ್ಟ್ರಿಗೆ, ದಯವಿಟ್ಟು ಆ ಮಾತು ಹೇಳಿ ಎಂದು ದುಂಬಾಲು ಬಿದ್ದಳು. ಮೇಷ್ಟ್ರು ವಿಧೇಯರು. ಗುರುತು ಮಾಡಿದ ಕಡೆ ತಿರುಗಿ, "ಹಿಂದಿನ ಬೆಂಚು, ನಗಬೇಡ" ಎಂದರು, ಮುಂದಿನ ನಿಲ್ದಾಣದ ಹೆಸರು ಹೇಳುವ ಬಸ್ಸಿನ ಯಂತ್ರದ ಹಾಗೆ. ಇನ್ನೊಮ್ಮೆ ಹೇಳಿಸಿದರೆ ಬೆಂಚಿನ ಕ್ಷಮೆ ಕೇಳಿದ ಹಾಗಿತ್ತು. ಕ್ಯಾಮೆರಾದವನು ಆಕಳಿಸಿದ.

ಮೇಲ್ವಿಚಾರಕಿ ಸೋತು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಸಾರ್, ನಿಮಗೆ ನಿಜವಾಗ್ಲೂ ಮಕ್ಕಳು ಕಾಣಿಸ್ತಾರೆ ಅಂತಾರೆ ಎಲ್ಲರೂ. ನಿನ್ನೆ ನಂಗೂ ಹಾಗೇ ಅನ್ನಿಸ್ತು. ಮನೇಲಿ ಹೇಳ್ವಾಗ ಯಾರನ್ನ ನೆನೆಸ್ಕೋತಿದ್ರಿ? ಹಳೇ ಸ್ಕೂಲಿನ ತರಲೆ ಯಾರಾದ್ರೂ?"

ದಿವ್ಯದೃಷ್ಟಿಯ ಗುಟ್ಟು ಹೊರಬೀಳುವ ಗಳಿಗೆ. ಕ್ಯಾಮೆರಾದವನು ಆಕಳಿಕೆಯನ್ನು ಅರ್ಧಕ್ಕೇ ನುಂಗಿ ಕಿವಿ ನಿಮಿರಿಸಿದ. ಮೇಷ್ಟ್ರು ಕೈಯ ಸುಣ್ಣವನ್ನು ಇಸ್ತ್ರಿಯ ಅಂಗಿಗೆ ಒರೆಸಿಕೊಂಡರು.

"ನೆನೆಸ್ಕೊಳ್ಳೋದೇನಮ್ಮ ಬಂತು. ನಮ್ಮವಳು ಟೇಬಲ್ ಲ್ಯಾಂಪ್ ಹಿಡ್ಕೊಂಡು ಮಂಚದ ಮೇಲೆ ಕೂತಿರ್ತಾಳೆ. ನಾನು ಮೇಷ್ಟ್ರ ಥರ ಮಾತಾಡಿದ್ರೆ ಅವಳಿಗೆ ನಗು ತಡೆಯಲ್ಲ. ಲ್ಯಾಂಪ್ ಅಲ್ಲಾಡಿದ್ರೆ ಗೆರೆ ಹೆಂಗೆ ಎಳೀಲಿ? ಬೇಕಿದ್ರೆ ನಾಳೆ ಕರ್ಕೊಂಡು ಬರ್ತೀನಿ, ಒಂದು ಕುರ್ಚಿ ಹಾಕ್ಸಿ."