ಗಾಳಕ್ಕೆ ಗರಿ ಕಟ್ಟಿದವಳು ನಾನು

ನನ್ನ ಗಂಡನಿಗೆ ಮೀನು ಹಿಡಿಯುವ ಹುಚ್ಚೇನೂ ಇರಲಿಲ್ಲ. ಅವರ ಮ್ಯಾನೇಜರರಿಗೆ ಇತ್ತು, ಅದಕ್ಕೇ ಇವರಿಗೂ ಬಂತು. ವಾರದ ರಜೆಯ ಶುಕ್ರವಾರ ಬೆಳಿಗ್ಗೆ ಆಫೀಸಿನ ನಾಲ್ಕೈದು ಗಂಡಸರು ಮ್ಯಾನೇಜರರ ಹಿಂದೆ ಹಿಂದೆ ಹೋಗಿ, ಮೊಣಕಾಲುದ್ದದ ಸಮುದ್ರದಲ್ಲಿ ನಿಂತು ಗಾಳ ಬೀಸುತ್ತಿದ್ದರು. ಅದೂ ಊರಿನ ಹಾಗೆ ಸಿಗಡಿ ಸಿಕ್ಕಿಸಿದ ಗಾಳವಲ್ಲ. ಕೊಕ್ಕೆಗೆ ಗರಿ, ಕೂದಲು, ಉಣ್ಣೆ ಕಟ್ಟಿ, ಅದು ಜೀವವಿರುವ ಹುಳವೋ ಮರಿಮೀನೋ ಎಂದು ಮೀನಿಗೆ ಅನ್ನಿಸುವಂತೆ ಮಾಡುವುದು. ಅದಕ್ಕೆ ಫ್ಲೈ ಎನ್ನುತ್ತಾರೆ. ಅಂಗಡಿಯ ಫ್ಲೈ ತಂದವನಿಗೆ ಆ ಗುಂಪಿನಲ್ಲಿ ಮರ್ಯಾದೆ ಇಲ್ಲ, ತಾನೇ ಕಟ್ಟಬೇಕು.

ಹಾಗಾಗಿ ಈ ಕೊಲ್ಲಿ ದೇಶದ ಗುದೈಬಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ, ಕೊಕ್ಕೆಯನ್ನು ಕಚ್ಚಿ ಹಿಡಿಯುವ ಸಣ್ಣ ವೈಸ್ ಬಂದು ಕೂತಿತು. ಸಾರಿನಲ್ಲಿ ಕೋಳಿಗರಿ ಸಿಕ್ಕತೊಡಗಿತು. ಇವರು ವಿಡಿಯೊ ನೋಡಿ ಕಟ್ಟಲು ಕೂತರೆ ನೂಲು ತುಂಡಾಗುತ್ತಿತ್ತು, ಇಲ್ಲವೇ ಗರಿ ಜಾರುತ್ತಿತ್ತು. ಬೈಗುಳ ಮಾತ್ರ ನನಗೆ. ಫ್ಯಾನ್ ಯಾಕೆ ಹಾಕಿದ್ದು, ಮೇಜು ಯಾಕೆ ಅಲುಗಾಡಿಸಿದ್ದು. ಕೊನೆಗೊಂದು ದಿನ, "ನಿನ್ನ ಕೈ ಸಪೂರ ಉಂಟಲ್ಲ, ನೀನೊಮ್ಮೆ ನೋಡು ಮಾರಾಯ್ತಿ" ಎಂದು ಎದ್ದುಹೋಗಿ ಟಿವಿ ಮುಂದೆ ಕಾಲು ಚಾಚಿದರು.

ನಾನು ಕೂತೆ. ಶಾಲೆಗೆ ಹೊರಡುವ ಮೊದಲು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿಟ್ಟು ಬೆಳೆದವಳು. ಮಲ್ಲಿಗೆಯಲ್ಲಿ ಪ್ರತಿ ಚಿಟಿಕೆ ಮೊಗ್ಗಿಗೂ ಒಂದು ಗಂಟು. ನನ್ನ ಬೆರಳು ಇಲ್ಲೂ ಅದನ್ನೇ ಮಾಡಿತು. ಗರಿಗೊಂದು ಗಂಟು, ಕೂದಲಿಗೊಂದು ಗಂಟು, ಉಣ್ಣೆಗೊಂದು ಗಂಟು. ಮುಗಿದಾಗ ಅದು ಬಚ್ಚಲಿನ ತೂತಿನಿಂದ ಎಳೆದು ತೆಗೆದ ಕೂದಲುಂಡೆಯ ಹಾಗಿತ್ತು. ಬಕೆಟ್ ನೀರಿನಲ್ಲಿ ಎಳೆದು ನೋಡಿದರೆ ಮಗ್ಗುಲಾಗಿ ಗಿರಗಿರ ತಿರುಗಿತು. ಮಲ್ಲಿಗೆಯ ಕೈಯನ್ನು ಮರೆಯಲು ನನಗೆ ಎಷ್ಟೋ ಸಂಜೆ ಬೇಕಾಯಿತು. ಇಲ್ಲಿ ಹಿಡಿದು ನಿಲ್ಲಿಸುವುದು ಗಂಟಲ್ಲ, ಎಳೆತ. ನೂಲನ್ನು ಬಿಗಿಯಾಗಿ ಸುತ್ತುತ್ತಾ ಹೋಗಬೇಕು, ಗಂಟು ಕಟ್ಟಕಡೆಗೆ ಒಂದೇ.

ಹೊಸದಾಗಿ ಕಲಿಯುವವರಿಗೆ ಮೂರು ಬಗೆ ಬಂದರೆ ಧಾರಾಳ ಸಾಕು. ಮೊದಲನೆಯದು ಹುಳದಂಥದ್ದು. ಹಿಂದೆ ಮೆತ್ತನೆ ಗರಿಯ ಬಾಲ, ಮೈಗೆ ಉಣ್ಣೆ, ಅದರ ಮೇಲೆ ಕೋಳಿಗರಿಯನ್ನು ಬಾಲದಿಂದ ತಲೆಯವರೆಗೆ ಸುತ್ತುವುದು. ಇದರಲ್ಲಿ ಕೈ ಕುದುರುತ್ತದೆ. ಎರಡನೆಯದು ಮರಿಮೀನು. ಕೊಕ್ಕೆಯ ಬೆನ್ನಿಗೆ ಲೋಹದ ಎರಡು ಕಣ್ಣು ಕಟ್ಟಿದರೆ ಆ ಭಾರಕ್ಕೆ ಕೊಕ್ಕೆ ಮಗುಚಿ ಮೊನೆ ಮೇಲಾಗುತ್ತದೆ, ಇಲ್ಲಿಯ ಆಳವಿಲ್ಲದ ನೀರಿನ ಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಕೂದಲು ಹಾಕುವಾಗ ಕೈ ಬಿಗಿ ಇರಬೇಕು, ಜಾಸ್ತಿ ತುಂಬಿದರೆ ಪೊರಕೆಯಾಗುತ್ತದೆ. ಮೂರನೆಯದು ಸಿಗಡಿ. ಮರಳಿನ ಬಣ್ಣದ್ದು, ಬೆರಳುಗುರಿನಷ್ಟು. ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ದಿನವಿಡೀ ಜನರ ಗೊಣಗಾಟ ಕೇಳಿ ಬಂದವಳಿಗೆ ಆ ಸಿಗಡಿ ಕಟ್ಟುವಾಗ ಸುಖವಾಗುತ್ತಿತ್ತು. ನಾನು ಕಟ್ಟಿದ್ದನ್ನೆಲ್ಲ ಗಂಡ ಡಬ್ಬಿ ತುಂಬಿಸಿ ಒಯ್ಯುತ್ತಿದ್ದರು.

ಒಯ್ದು ಏನು ಹೇಳುತ್ತಿದ್ದರು ಎಂಬುದು ಗೊತ್ತಾದದ್ದು ಜಿಂಜ್‌ನಲ್ಲಿ, ಮ್ಯಾನೇಜರರ ಮನೆಯ ಊಟಕ್ಕೆ ಹೋದಾಗ. ಅವರೂ ನಮ್ಮ ಕಡೆಯವರೇ. ನನ್ನ ಸಿಗಡಿಯನ್ನು ಅಂಗೈಯಲ್ಲಿಟ್ಟುಕೊಂಡು, "ನಿಮ್ಮ ಯಜಮಾನರ ಕೈ ನೋಡಿ ಅಮ್ಮ. ಇಷ್ಟು ನಾಜೂಕು ನಮಗೆ ಯಾರಿಗೂ ಬರುದಿಲ್ಲ" ಎಂದರು. ನಾನು ಗಂಡನ ಮುಖ ನೋಡಿದೆ. ಆ ಮನುಷ್ಯ ಹಲ್ಲು ಕಿರಿಯುತ್ತಾ, "ಪ್ರಾಕ್ಟೀಸ್ ಸರ್, ಅಷ್ಟೇ" ಎಂದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಕಾರಿನಲ್ಲಿ ಕೇಳಿದೆ. "ಎಂತಕ್ಕೆ ಸುಳ್ಳು ಹೇಳಿದ್ದು?"

"ಖಲ್ಲಿವಲ್ಲಿ, ಬಿಡು ಮಾರಾಯ್ತಿ. ನೀನು ಕಟ್ಟಿದ್ರೂ ನಾನು ಕಟ್ಟಿದ್ರೂ ಮನೆಯದ್ದೇ ಅಲ್ವಾ."

"ಮನೆಯದ್ದೇ ಆದ್ರೆ ನನ್ನ ಹೆಸರು ಹೇಳ್ಲಿಕ್ಕೆ ಎಂತ ಕಷ್ಟ? ಅವಳು ಕಟ್ಟಿದ್ದು ಅಂತ ಒಂದು ಮಾತು ಹೇಳಿ. ನನಗೆ ಬೇರೆಂತದೂ ಬೇಡ."

"ಈಗ ಹೇಳಿದ್ರೆ ಆಫೀಸಲ್ಲಿ ನಾನು ಮುಖ ಎತ್ತಿ ನಡೀಲಿಕ್ಕುಂಟಾ?"

ಅವರ ಮುಖದ ಚಿಂತೆ ಅವರಿಗೆ. ಮರುದಿನದಿಂದ ವೈಸ್ ಮುಟ್ಟುವುದನ್ನು ಬಿಟ್ಟೆ. ಮಾತೂ ಬೇಕಾದಷ್ಟೇ.

ಅಷ್ಟರಲ್ಲಿ ಮ್ಯಾನೇಜರರಿಗೆ ಹೊಸ ಉಮೇದು. ಗುಂಪಿಗೆ ಸೇರಿದ ಹೊಸಬರಿಗೆ ತಮ್ಮ ಮನೆಯಲ್ಲೇ ಕಟ್ಟುವುದನ್ನು ಹೇಳಿಕೊಡಬೇಕು, ಹೇಳಿಕೊಡುವವರು ನನ್ನ ಗಂಡ. ಇವರ ಮುಖ ಇದ್ದಿಲಾಯಿತು. "ನೀನೂ ಬಾ, ನಾನು ಅಲ್ಲಿ ಹೇಳ್ತೇನೆ" ಎಂದರು. ಎಲ್ಲರ ಮುಂದೆ ನಿಜ ಹೇಳುತ್ತಾರೆ ಎಂದುಕೊಂಡೆ. ನಂಬಿ ಹೋದೆ ನೋಡಿ, ನನಗೆ ಬುದ್ಧಿ ಬೇಡವೇ?

ಮೇಜಿನ ಸುತ್ತ ಜನ ಕೂತಿದ್ದರು. ಗಂಡ ನನ್ನನ್ನು ವೈಸಿನ ಮುಂದೆ ಕೂರಿಸಿ ಗಂಟಲು ಸರಿಮಾಡಿಕೊಂಡರು. "ನನಗಿವತ್ತು ಕಣ್ಣುರಿ. ಇವಳು ಕಟ್ಟಿ ತೋರಿಸ್ತಾಳೆ, ನಾನು ವಿವರಿಸ್ತೇನೆ. ಇವಳಿಗೂ ನಾನೇ ಕಲಿಸಿದ್ದು."

ಕೈಯಲ್ಲಿದ್ದ ನೂಲಿನ ಉರುಳೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತೆ. "ಹಾಗಾದ್ರೆ ನೀವೇ ಕಟ್ಟಿ. ಗುರುಗಳು ಎದುರಿಗಿರುವಾಗ ಶಿಷ್ಯೆ ತೋರಿಸುದು ಚಂದ ಕಾಣುದಿಲ್ಲ" ಎಂದು ಕುರ್ಚಿ ಅವರ ಕಡೆ ತಳ್ಳಿದೆ.

ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ಇವರು ಕೂರಲೇಬೇಕಾಯಿತು. ಎಸಿ ಹಾಕಿದ ಕೋಣೆಯಲ್ಲಿ ಬೆವರಿಳಿಯಿತು. ಗರಿ ಇಟ್ಟರು, ಜಾರಿತು. ಎಳೆದು ಸುತ್ತಿದರು, ನೂಲು ತುಂಡಾಯಿತು. ಮತ್ತೆ ಸುತ್ತಿದರು, ಮತ್ತೆ ತುಂಡಾಯಿತು. ನಗು ನಿಂತಿತು. ಮ್ಯಾನೇಜರ್ ಒಮ್ಮೆ ಅವರ ಬೆರಳನ್ನೂ ಒಮ್ಮೆ ನನ್ನನ್ನೂ ನೋಡಿದರು. ನಾನು ಕೈಕಟ್ಟಿ ನಿಂತಿದ್ದೆ, ಅಯ್ಯೋ ಪಾಪ ಎಂದು ಒಂದಿಷ್ಟೂ ಅನ್ನಿಸಲಿಲ್ಲ.

"ಇವಳು ಕಟ್ಟಿದ್ದು ಸರ್" ಎಂದರು ಗಂಡ, ವೈಸಿನಿಂದ ಕಣ್ಣೆತ್ತದೆ. "ಇಷ್ಟು ದಿನದ್ದು ಎಲ್ಲಾ ಇವಳದ್ದೇ."

ಮ್ಯಾನೇಜರ್ ದೊಡ್ಡವರು, ಮಾತು ತೇಲಿಸಲು ನೋಡಿದರು. "ಹೋಗ್ಲಿ ಬಿಡಿ. ಇನ್ನು ನಮಗೆಲ್ಲ ನೀವೇ ಕಟ್ಟಿಕೊಡಿ ಅಮ್ಮ."

"ಕಟ್ಟಿಕೊಡುದಿಲ್ಲ ಸರ್. ಬೇಕಾದವರು ಕೂತು ಕಲೀಲಿ."

ಗಂಡ ಮೆಲ್ಲನೆ ಏಳಲು ಹೊರಟರು. ಭುಜದ ಮೇಲೆ ಕೈಯಿಟ್ಟು ಒತ್ತಿದೆ. "ನೀವೆಲ್ಲಿಗೆ? ಮೊದಲು ನಿಮ್ಮದೇ ಪಾಠ" ಎಂದು, ತುಂಡಾದ ನೂಲನ್ನು ಬಿಡಿಸಿ ಹೊಸತನ್ನು ಅವರ ಕೈಗೆ ಕೊಟ್ಟೆ.